ಟೇಪಿನಿಂದ ತಟ್ಟೆಗೆ: ಮನೆಯ ಚಿತ್ರಗಳನ್ನು ಉಳಿಸಿಕೊಳ್ಳುವ ಬಗೆ

ಕಡೂರು ತಾಲ್ಲೂಕಿನ ಸಿಂಗಟಗೆರೆಯಲ್ಲಿರುವ ನಮ್ಮ ಮನೆಯ ಅಟ್ಟದ ಮೇಲೆ ಒಂದು ತಗಡಿನ ಪೆಟ್ಟಿಗೆ ಬಹುಕಾಲದಿಂದ ಬಿದ್ದಿತ್ತು. ಬೇಸಿಗೆಯ ರಜದಲ್ಲಿ ಅದನ್ನು ಇಳಿಸಿ ತೆರೆದಾಗ ಒಳಗೆ ಆರು ಸಣ್ಣ ಕ್ಯಾಸೆಟ್ಟುಗಳೂ ಒಂದು ವಿಡಿಯೊ ಕ್ಯಾಮೆರವೂ ದೊರೆತವು. ಬೆಂಗಳೂರಿನಲ್ಲಿ ಉದ್ಯೋಗದಲ್ಲಿದ್ದ ನಮ್ಮ ಚಿಕ್ಕಪ್ಪನವರು 1998ರಲ್ಲಿ ಊರಿಗೆ ಬಂದಾಗ ಮನೆಯ ಮದುವೆಯನ್ನೂ ಕಣದ ಒಕ್ಕಣೆಯನ್ನೂ ಆ ಕ್ಯಾಮೆರದಿಂದ ಚಿತ್ರಿಸಿದ್ದರು. ಒಂದು ಕ್ಯಾಸೆಟ್ಟಿನಲ್ಲಿ ನಮ್ಮ ಅಜ್ಜಿ ಹಸೆಯ ಮುಂದೆ ಕುಳಿತು ಸೋಬಾನೆ ಪದ ಹಾಡಿದ್ದಾರೆ. ಅಜ್ಜಿ ಈಗ ಇಲ್ಲ. ಅವರ ಧ್ವನಿ ಬೇರೆಲ್ಲಿಯೂ ಉಳಿದಿಲ್ಲ.

ಇಂಥ ಪೆಟ್ಟಿಗೆಗಳು ನಮ್ಮ ಓದುಗರ ಪೈಕಿ ಹಲವರ ಮನೆಗಳಲ್ಲಿಯೂ ಇದ್ದಾವು. ಅವುಗಳಲ್ಲಿರುವುದನ್ನು ಸ್ವಲ್ಪ ಖರ್ಚಿನಲ್ಲಿ ತಟ್ಟೆಗೆ, ಎಂದರೆ ಡಿ.ವಿ.ಡಿ.ಗೆ, ಇಳಿಸಿಕೊಳ್ಳುವುದು ಹೇಗೆ? ಅವಸರವೇಕೆ? ಈ ಎರಡು ಪ್ರಶ್ನೆಗಳಿಗೂ ಉತ್ತರ ಭೌತವಿಜ್ಞಾನದಲ್ಲಿದೆ.

ಟೇಪಿನಲ್ಲಿ ಇರುವುದೇನು?

ಟೇಪು ಎಂಬುದು ತೆಳುವಾದ ಪ್ಲಾಸ್ಟಿಕ್ ಪಟ್ಟಿ. ಅದರ ಒಂದು ಮುಖಕ್ಕೆ ಅತಿ ಸೂಕ್ಷ್ಮವಾದ ಲೋಹಕಣಗಳನ್ನು ಅಂಟಿನಂಥ ದ್ರವ್ಯದಲ್ಲಿ ಬೆರಸಿ ಲೇಪಿಸಿರುತ್ತಾರೆ. ಪ್ರತಿಯೊಂದು ಕಣವೂ ಒಂದು ಪುಟ್ಟ ಅಯಸ್ಕಾಂತ. ವಿದ್ಯುತ್ತು ಹರಿಯುವ ಸುರುಳಿಯುಳ್ಳ 'ಹೆಡ್' ಎಂಬ ಭಾಗದ ಎದುರಿಗೆ ಟೇಪು ಸರಿಯುವಾಗ ಈ ಕಣಗಳ ಕಾಂತತ್ವವು ವಿದ್ಯುತ್ತಿನ ಏರಿಳಿತಕ್ಕೆ ತಕ್ಕಂತೆ ಮಾರ್ಪಡುತ್ತದೆ. ಅದೇ ಟೇಪು ಮತ್ತೆ ಹೆಡ್ಡಿನ ಎದುರು ಸರಿದರೆ, 1831ರಲ್ಲಿ ಫ್ಯಾರಡೆ ಕಂಡ ಪ್ರೇರಣೆಯ ನಿಯಮದಂತೆ, ಸುರುಳಿಯಲ್ಲಿ ವಿದ್ಯುತ್ತು ಹುಟ್ಟುತ್ತದೆ. ಡೆನ್ಮಾರ್ಕಿನ ಪೌಲ್ಸೆನ್ 1898ರಲ್ಲಿ ಉಕ್ಕಿನ ತಂತಿಯ ಮೇಲೆ ಧ್ವನಿಯನ್ನು ಹಿಡಿದುದು ಈ ತತ್ತ್ವದಿಂದಲೇ.

ಧ್ವನಿಯನ್ನು ಹಿಡಿಯುವುದು ಸುಲಭ. ಚಿತ್ರವನ್ನು ಹಿಡಿಯುವುದು ಕಷ್ಟ. ಕಿವಿಗೆ ಕೇಳುವ ಧ್ವನಿಯ ಕಂಪನಗಳು ಸೆಕೆಂಡಿಗೆ 20,000ವನ್ನು ಮೀರುವುದಿಲ್ಲ. ಆದರೆ ನಮ್ಮ ಕ್ಯಾಸೆಟ್ಟುಗಳ ಬಗೆಯಾದ 'ವಿಡಿಯೊ-8' ಪದ್ಧತಿಯಲ್ಲಿ ಚಿತ್ರದ ಸಂಕೇತವು ಸೆಕೆಂಡಿಗೆ 54 ಲಕ್ಷ ಕಂಪನಗಳವರೆಗೆ ಏರುತ್ತದೆ. ಟೇಪಾದರೋ ಸೆಕೆಂಡಿಗೆ 2 ಸೆಂಟಿಮೀಟರಿನಷ್ಟು ಮಾತ್ರ ಸರಿಯುತ್ತದೆ. ಇಷ್ಟು ಅಲೆಗಳು 2 ಸೆಂಟಿಮೀಟರಿನಲ್ಲಿ ಹಿಡಿಸುವುದು ಹೇಗೆ?

ಹಿಡಿಸುವುದಿಲ್ಲ. ಆದುದರಿಂದ ಟೇಪಿನ ಬದಲು ಹೆಡ್ಡನ್ನೇ ವೇಗವಾಗಿ ಓಡಿಸುವ ಉಪಾಯವನ್ನು ಹೂಡಿದರು. 40 ಮಿಲಿಮೀಟರ್ ವ್ಯಾಸದ ಒಂದು ಉರುಳೆಯ ಮೇಲೆ ಎದುರುಬದಿರಾಗಿ ಎರಡು ಹೆಡ್ಡುಗಳನ್ನು ಕೂರಿಸಿರುತ್ತದೆ. ಉರುಳೆ ಸೆಕೆಂಡಿಗೆ 25 ಸುತ್ತು ತಿರುಗುತ್ತದೆ. ಟೇಪು ಅದನ್ನು ಓರೆಯಾಗಿ ಸುತ್ತಿಕೊಂಡು ಸಾಗುವುದರಿಂದ, ಹೆಡ್ಡುಗಳು ಅದರ ಮೇಲೆ ಸೆಕೆಂಡಿಗೆ 50 ಓರೆಗೆರೆಗಳನ್ನು ಎಳೆಯುತ್ತವೆ. ಉರುಳೆಯ ಅಂಚಿನ ವೇಗವನ್ನು ವಿದ್ಯಾರ್ಥಿಗಳೇ ಲೆಕ್ಕಹಾಕಬಹುದು: 3.14 × 0.04 × 25, ಎಂದರೆ ಸೆಕೆಂಡಿಗೆ ಸುಮಾರು 3.1 ಮೀಟರ್. ಇದನ್ನು 54 ಲಕ್ಷದಿಂದ ಭಾಗಿಸಿದರೆ ಟೇಪಿನ ಮೇಲಣ ಅತಿ ಚಿಕ್ಕ ಅಲೆಯ ಉದ್ದ ದೊರೆಯುತ್ತದೆ. ಅದು ಒಂದು ಮಿಲಿಮೀಟರಿನ ಸಾವಿರದಲ್ಲೊಂದು ಭಾಗಕ್ಕಿಂತಲೂ ಕಡಮೆ!

ಇನ್ನೊಂದು ಲೆಕ್ಕ. 90 ನಿಮಿಷದ ಕ್ಯಾಸೆಟ್ಟಿನಲ್ಲಿರುವ ಟೇಪು ಸುಮಾರು 108 ಮೀಟರ್. ಆದರೆ ಅಷ್ಟು ಹೊತ್ತಿನಲ್ಲಿ ಹೆಡ್ಡುಗಳು ಎಳೆದ ಗೆರೆಗಳನ್ನೆಲ್ಲ ಒಂದರ ತುದಿಗೊಂದು ಜೋಡಿಸಿದರೆ ಸುಮಾರು 17 ಕಿಲೋಮೀಟರ್ ಆಗುತ್ತದೆ. ಕಡೂರಿನಿಂದ ಬೀರೂರಿಗೆ ಹೋಗಿ ಬಂದರೂ ಅಷ್ಟು ದೂರವಾಗದು.

ಟೇಪು ಕೆಡುವುದೇಕೆ?

ಗೆರೆಗಳು ಇಷ್ಟು ಸೂಕ್ಷ್ಮವಾಗಿರುವುದರಿಂದಲೇ ಕೇಡು ಸುಲಭ. ಹೆಡ್ಡಿಗೂ ಟೇಪಿಗೂ ನಡುವೆ ಒಂದು ಧೂಳಿನ ಕಣ ಸೇರಿದರೂ ಅದು ಹಲವು ಅಲೆಗಳಷ್ಟು ದಪ್ಪನಾಗಿರುತ್ತದೆ. ಆ ಕ್ಷಣದಲ್ಲಿ ಚಿತ್ರದ ಮೇಲೆ ಬಿಳಿಯ ಗೀರು ಮೂಡುತ್ತದೆ. ಕಣಗಳನ್ನು ಹಿಡಿದಿಟ್ಟ ಅಂಟು ಗಾಳಿಯ ತೇವವನ್ನು ಹೀರಿ ಕಾಲಕ್ರಮದಲ್ಲಿ ಸಡಿಲವಾಗುತ್ತದೆ. ತೇವವಿದ್ದಲ್ಲಿ ಬೂಷ್ಟೂ ಬೆಳೆಯುತ್ತದೆ. ಶೃಂಗೇರಿ, ಕೊಪ್ಪಗಳಂಥ ಮಲೆನಾಡಿನ ಮಳೆಯಲ್ಲಿ ಇದು ಸಹಜ. ನಮ್ಮದು ಬಯಲುಸೀಮೆಯಾದರೂ, ಹೆಂಚಿನ ಸಂದಿಯಿಂದ ಸೋರಿದ ನೀರು ಆ ಕೆಲಸವನ್ನು ಇಲ್ಲಿಯೂ ಮಾಡಿತ್ತು.

ಟೇಪಿಗಿಂತ ಮೊದಲು ಕಣ್ಮರೆಯಾಗುವುದು ಅದನ್ನು ಓದುವ ಯಂತ್ರ. ವಿ.ಎಚ್.ಎಸ್. ಯಂತ್ರಗಳನ್ನು ತಯಾರಿಸುತ್ತಿದ್ದವರಲ್ಲಿ ಕೊನೆಯದಾದ ಜಪಾನಿನ ಫುನಾಯ್ ಸಂಸ್ಥೆಯು 2016ರಲ್ಲಿ ಆ ಕೆಲಸವನ್ನು ನಿಲ್ಲಿಸಿತು. ಆಸ್ಟ್ರೇಲಿಯದ ರಾಷ್ಟ್ರೀಯ ಚಲನಚಿತ್ರ ಮತ್ತು ಧ್ವನಿ ಸಂಗ್ರಹಾಲಯವು 2015ರಲ್ಲಿಯೇ, 2025ರೊಳಗೆ ನಕಲಾಗದ ಟೇಪುಗಳು ಬಹುಮಟ್ಟಿಗೆ ಕೈತಪ್ಪಿಹೋದಾವೆಂದು ಎಚ್ಚರಿಸಿತ್ತು. ದೊಡ್ಡವರೂ ಎಡವುವುದುಂಟು: 1969ರ ಚಂದ್ರಯಾನದ ಮೂಲ ಟೇಪುಗಳನ್ನು ಅಳಿಸಿ ಬೇರೆ ಕೆಲಸಕ್ಕೆ ಬಳಸಿಬಿಟ್ಟಿದ್ದಿರಬೇಕೆಂಬ ನಿರ್ಣಯಕ್ಕೆ ಅಮೆರಿಕದ ನಾಸಾ 2009ರಲ್ಲಿ ಬರಬೇಕಾಯಿತು.

ತಟ್ಟೆಯಲ್ಲಿ ಚಿತ್ರ ನಿಲ್ಲುವ ಬಗೆ

ತಟ್ಟೆಯಲ್ಲಿ ಅಲೆಗಳಿಲ್ಲ, ಅಂಕಿಗಳಿವೆ. ನಮ್ಮ ದೇಶದ ದೂರದರ್ಶನವು ಅನುಸರಿಸಿದ ಪಾಲ್ ಪದ್ಧತಿಯಲ್ಲಿ ಸೆಕೆಂಡಿಗೆ 25 ಚಿತ್ರಗಳು. ಅಂಕಿಗಳಿಗೆ ತಿರುಗಿಸುವಾಗ ಪ್ರತಿ ಚಿತ್ರವನ್ನು 720 × 576 ಚುಕ್ಕೆಗಳಾಗಿ ಒಡೆದು, ಒಂದೊಂದು ಚುಕ್ಕೆಗೆ 16 ಬಿಟ್ಟುಗಳನ್ನು ಕೊಟ್ಟರೆ ಸೆಕೆಂಡಿಗೆ ಸುಮಾರು 16.6 ಕೋಟಿ ಬಿಟ್ಟುಗಳಾಗುತ್ತವೆ. ಸಾಮಾನ್ಯ ಡಿ.ವಿ.ಡಿ.ಯಲ್ಲಿ ಹಿಡಿಸುವುದು 4.7 ಗಿಗಾಬೈಟ್, ಎಂದರೆ 3,760 ಕೋಟಿ ಬಿಟ್ಟುಗಳು. ಇದನ್ನು 90 ನಿಮಿಷಗಳಿಗೆ ಹಂಚಿದರೆ ಸೆಕೆಂಡಿಗೆ ಸುಮಾರು 70 ಲಕ್ಷ ಮಾತ್ರ. ಆದುದರಿಂದ ಚಿತ್ರವನ್ನು ಇಪ್ಪತ್ತನಾಲ್ಕರಲ್ಲೊಂದು ಪಾಲಿಗೆ ಅಡಕಮಾಡಬೇಕು. ಒಂದು ಚಿತ್ರಕ್ಕೂ ಮುಂದಿನದಕ್ಕೂ ಬದಲಾಗದೆ ಉಳಿಯುವ ಗೋಡೆ, ಕಂಬ, ಚಪ್ಪರಗಳನ್ನು ಮತ್ತೆ ಮತ್ತೆ ಬರೆಯದಿರುವುದು ಈ ಅಡಕದ ಗುಟ್ಟುಗಳಲ್ಲಿ ಒಂದು. ಒಂದೇ ತಟ್ಟೆಗೆ ನಾಲ್ಕು ಗಂಟೆಯ ಚಿತ್ರವನ್ನು ತುರುಕಿದರೆ ಉಳಿತಾಯವಾದೀತು, ಮುಖಗಳು ಮಸುಕಾದಾವು.

ಹೀಗೆ ಅಡಕವಾದ ಅಂಕಿಗಳನ್ನು ತಟ್ಟೆಯ ಒಳಗಿರುವ ವರ್ಣದ್ರವ್ಯದ ಪದರದ ಮೇಲೆ ಕೆಂಪು ಲೇಸರ್ ಕಿರಣವು ಸುಟ್ಟು ಬರೆಯುತ್ತದೆ. ಸುರುಳಿಯಾಗಿ ಸಾಗುವ ಆ ಬರಹದ ಗೆರೆಯನ್ನು ಬಿಚ್ಚಿ ಹಾಸಿದರೆ ಸುಮಾರು 12 ಕಿಲೋಮೀಟರ್ ಉದ್ದವಾಗುವುದು. ಅಂಕಿಗಳಿಗೆ ಒಂದು ಹೆಚ್ಚಳವಿದೆ: ಟೇಪಿನಿಂದ ಟೇಪಿಗೆ ಇಳಿಸಿದ ಪ್ರತಿಯೊಂದು ನಕಲೂ ಮೂಲಕ್ಕಿಂತ ಮಂಕಾಗುತ್ತದೆ, ಅಂಕಿಗಳ ನಕಲನ್ನು ನೂರನೆಯ ಸಲ ತೆಗೆದರೂ ಮೊದಲಿನಂತೆಯೇ ಇರುತ್ತದೆ.

ಮಾಡುವ ಕ್ರಮ

ಬೇಕಾದುವು ಇಷ್ಟೇ: ಟೇಪನ್ನು ಓಡಿಸುವ ಹಳೆಯ ಕ್ಯಾಮೆರ ಅಥವಾ ಯಂತ್ರ, ಒಂದು ಕಂಪ್ಯೂಟರು, ಇವೆರಡರ ನಡುವೆ ಜೋಡಿಸುವ 'ಯು.ಎಸ್.ಬಿ. ಕ್ಯಾಪ್ಚರ್' ಎಂಬ ಸಣ್ಣ ಸಾಧನ, ಮತ್ತು ಡಿ.ವಿ.ಡಿ. ರೈಟರ್. ಕ್ಯಾಪ್ಚರ್ ಸಾಧನವು ಸಾವಿರ, ಎರಡು ಸಾವಿರ ರೂಪಾಯಿಗಳ ಒಳಗೆ ದೊರೆಯುತ್ತದೆ. ಕ್ಯಾಮೆರ ಕೆಟ್ಟಿದ್ದರೆ ಹೊಸದನ್ನು ಹುಡುಕುವುದಕ್ಕಿಂತ ನೆಂಟರಿಷ್ಟರಲ್ಲಿ, ಹಳೆಯ ಫೋಟೊ ಸ್ಟುಡಿಯೊಗಳಲ್ಲಿ ವಿಚಾರಿಸುವುದು ಮೇಲು. ಹತ್ತು ಮನೆಯವರು ಸೇರಿ ಒಂದೇ ಸಾಧನವನ್ನು ಕೊಂಡರೆ ಖರ್ಚು ಇನ್ನೂ ಹಗುರ.

ಮೊದಲು ಕ್ಯಾಸೆಟ್ಟನ್ನು ಬೆಳಕಿಗೆ ಹಿಡಿದು ನೋಡಬೇಕು. ಬಿಳಿಯ ಪುಡಿಯೋ ಬೂಷ್ಟೋ ಕಂಡರೆ ಅದನ್ನು ಯಂತ್ರಕ್ಕೆ ಹಾಕಲೇಬಾರದು. ಬಲ್ಲವರ ಕೈಗೆ ಒಪ್ಪಿಸಬೇಕು. ಈ ಮಾತನ್ನು ನಾವು ಕಲಿತದ್ದು ನಷ್ಟದಿಂದ. ಆತುರದಿಂದ ಕೈಗೆ ಸಿಕ್ಕಿದ ಮೊದಲ ಕ್ಯಾಸೆಟ್ಟನ್ನು ನೋಡದೆ ಹಾಕಿದೆವು. ಬೂಷ್ಟು ಹೆಡ್ಡಿಗೆ ಮೆತ್ತಿತು, ಟೇಪು ಸಿಕ್ಕಿಕೊಂಡು ಸುಕ್ಕಾಯಿತು. ಕಣದ ಒಕ್ಕಣೆಯ ಚಿತ್ರ ಹಾಗೆ ಹೋಯಿತು. ಹೆಡ್ಡುಗಳನ್ನು ಶುದ್ಧಮಾಡುವ ಕ್ಯಾಸೆಟ್ಟನ್ನು ಓಡಿಸಿದ ಮೇಲೆಯೇ ಉಳಿದವುಗಳನ್ನು ಮುಟ್ಟಿದೆವು.

ಕ್ಯಾಸೆಟ್ಟಿನ ಅಂಚಿನಲ್ಲಿರುವ ಜಾರುಗುಂಡಿಯನ್ನು ಸರಿಸಿ ಮೇಲೆ ಮತ್ತೆ ಬರೆಯಲಾಗದಂತೆ ಮಾಡಬೇಕು, ವಿ.ಎಚ್.ಎಸ್. ಆದರೆ ಅಂಚಿನ ಸಣ್ಣ ಬಿಲ್ಲೆಯನ್ನು ಮುರಿಯಬೇಕು. ಆಮೇಲೆ ಟೇಪನ್ನು ಒಮ್ಮೆ ಕೊನೆಯವರೆಗೂ ಓಡಿಸಿ ಹಿಂದಕ್ಕೆ ಸುತ್ತಬೇಕು. ಹಳದಿ ತಂತಿಯಲ್ಲಿ ಚಿತ್ರವೂ ಬಿಳಿ, ಕೆಂಪು ತಂತಿಗಳಲ್ಲಿ ಧ್ವನಿಯೂ ಬರುತ್ತವೆ. ಕಂಪ್ಯೂಟರಿನಲ್ಲಿ ಓ.ಬಿ.ಎಸ್., ವರ್ಚುಯಲ್‌ಡಬ್‌ಗಳಂಥ ಉಚಿತ ತಂತ್ರಾಂಶ ಸಾಕು. ಅದರಲ್ಲಿ ಪಾಲ್, 720 × 576, 25 ಎಂದು ಗೊತ್ತುಮಾಡಬೇಕು. ಅಮೆರಿಕದ ಎನ್.ಟಿ.ಎಸ್.ಸಿ. ಪದ್ಧತಿ ತಪ್ಪಾಗಿ ಆರಿಸಿದ್ದರೆ ಬಣ್ಣ ಕಾಣದು, ಚಿತ್ರ ಉರುಳೀತು. 'ಮಿನಿ ಡಿ.ವಿ.' ಕ್ಯಾಸೆಟ್ಟಿನಲ್ಲಿ ಮೊದಲೇ ಅಂಕಿಗಳಿರುವುದರಿಂದ ಅದಕ್ಕೆ ಈ ಸಾಧನ ಬೇಡ. 'ಫೈರ್‌ವೈರ್' ತಂತಿಯಿಂದ ಇದ್ದುದನ್ನು ಇದ್ದಂತೆಯೇ ಇಳಿಸಿಕೊಳ್ಳಬಹುದು.

ಒಂದು ಗಂಟೆಯ ಟೇಪಿಗೆ ಒಂದು ಗಂಟೆಯೇ ಬೇಕು, ಇಲ್ಲಿ ಅಡ್ಡದಾರಿಯಿಲ್ಲ. ಹಳ್ಳಿಯಲ್ಲಿ ಕರೆಂಟು ಯಾವಾಗ ಹೋದೀತೆಂಬುದು ತಿಳಿಯದು. ಆದುದರಿಂದ ಹದಿನೈದಿಪ್ಪತ್ತು ನಿಮಿಷಗಳ ತುಣುಕುಗಳಾಗಿ ತೆಗೆದುಕೊಳ್ಳುವುದು ಕ್ಷೇಮ. ತಟ್ಟೆಯನ್ನು ಕಡಮೆ ವೇಗದಲ್ಲಿ ಬರೆದು, ಬೇರೊಂದು ಯಂತ್ರದಲ್ಲಿ ಪೂರ್ತಿ ಓಡಿಸಿ ನೋಡಬೇಕು. ಅದಕ್ಕೆ ಮೊದಲು ಮೂಲ ಟೇಪನ್ನು ಎಸೆಯಬಾರದು.

ತಟ್ಟೆಯೂ ಚಿರಂಜೀವಿಯಲ್ಲ. ಅದರ ವರ್ಣದ್ರವ್ಯಕ್ಕೆ ಬಿಸಿಲು ಹಗೆ. ಹೊಸ ಕಂಪ್ಯೂಟರುಗಳು ಅನೇಕವು ತಟ್ಟೆಯನ್ನು ಓದುವ ಭಾಗವಿಲ್ಲದೆಯೇ ಬರುತ್ತಿವೆ. ಆದುದರಿಂದ ಅದೇ ಅಂಕಿಗಳ ಇನ್ನೊಂದು ನಕಲನ್ನು ಹಾರ್ಡ್ ಡಿಸ್ಕಿನಲ್ಲಿ, ಬೇರೊಂದು ಊರಿನಲ್ಲಿರುವ ಬಂಧುಗಳ ಮನೆಯಲ್ಲಿ ಇಡಬೇಕು. ಕೆಲವು ವರ್ಷಗಳಿಗೊಮ್ಮೆ ಹೊಸ ಸಾಧನಕ್ಕೆ ಸಾಗಿಸುತ್ತಿರಬೇಕು. ಕಾಳನ್ನು ವರ್ಷವರ್ಷವೂ ಬಿತ್ತಿ ಬೀಜವನ್ನು ಉಳಿಸಿಕೊಳ್ಳುವ ರೈತನಿಗೆ ಈ ಮಾತನ್ನು ಬಿಡಿಸಿ ಹೇಳಬೇಕಾಗಿಲ್ಲ.

ಆರು ಕ್ಯಾಸೆಟ್ಟುಗಳಲ್ಲಿ ಐದು ಉಳಿದವು. ಅಜ್ಜಿಯ ಹಾಡು ನಾಲ್ಕು ನಿಮಿಷ. ನಡುವೆ ಎರಡು ಕಡೆ ಚಿತ್ರ ನಡುಗುತ್ತದೆ, ಒಂದು ಕಡೆ ಬಿಳಿಯ ಗೀರು ಹಾಯುತ್ತದೆ. ಧ್ವನಿ ಮಾತ್ರ ಕೆಟ್ಟಿಲ್ಲ. ಮನೆಯವರೆಲ್ಲ ಕುಳಿತು ಕೇಳಿದ ಮೇಲೆ ನಮ್ಮ ತಾಯಿಯವರು, "ಒಕ್ಕಣೆದೂ ಇದ್ದಿದ್ರೆ ನಿಮ್ಮ ತಾತನ್ನೂ ನೋಡಬಹುದಿತ್ತು" ಎಂದರು. ವಿದ್ಯಾರ್ಥಿಗಳು ಮುಂದಿನ ರಜವನ್ನು ಕಾಯದೆ ಈ ಭಾನುವಾರವೇ ತಮ್ಮ ಮನೆಯ ಅಟ್ಟವನ್ನು ಹತ್ತಲಿ. ಕ್ಯಾಸೆಟ್ಟು ಸಿಕ್ಕಿದರೆ ಯಂತ್ರಕ್ಕೆ ಹಾಕುವ ಮುನ್ನ ಒಮ್ಮೆ ಬೆಳಕಿಗೆ ಹಿಡಿದು ನೋಡಲಿ.