ಎಸ್‌ಕ್ಯುಎಲ್‌ಆಲ್ಕೆಮಿ: ಬೇಕಾದ ಕಾಲಂ ಮಾತ್ರ ತರುವುದು ಹೇಗೆ?

ಪೈಥಾನ್‌ನ ಡೇಟಾಬೇಸ್ ಲೈಬ್ರರಿಯಾದ ಎಸ್‌ಕ್ಯುಎಲ್‌ಆಲ್ಕೆಮಿ ಬಳಸಿ ಬರೆದ ‘ಬುಕ್’ ಎಂಬ ಕ್ಲಾಸ್ ಇದೆ ಎನ್ನೋಣ. ಅದರ ಟೇಬಲ್‌ನಲ್ಲಿ ಐಡಿ, ಟೈಟಲ್, ಪ್ರೈಸ್, ಜೊತೆಗೆ ಪುಸ್ತಕದ ಪೂರ್ತಿ ಪಠ್ಯ ತುಂಬಿರುವ ‘ಬಾಡಿ’ ಕಾಲಂ. ನಿಮಗೆ ಬೇಕಿರುವುದು ಹೆಸರು, ಬೆಲೆಗಳ ಪಟ್ಟಿ ಅಷ್ಟೆ. ಆದರೂ ಸೆಲೆಕ್ಟ್(ಬುಕ್) ಎಂದರೆ ಪ್ರತಿ ಪುಸ್ತಕದ ಪಠ್ಯವೂ ಬಂದು ಮೆಮೊರಿ ತುಂಬುತ್ತದೆ. ಇದನ್ನು ತಪ್ಪಿಸುವ ಬಗೆ ಇಲ್ಲಿದೆ. 2023ರಲ್ಲಿ ಬಂದ 2.0 ಆವೃತ್ತಿಯ ರೀತಿಯನ್ನೇ ಹಿಡಿದಿದ್ದೇನೆ. ಕೋಡ್‌ನ ಪದಗಳನ್ನು ಉಚ್ಚಾರದಂತೆ ಬರೆದಿದೆ. ಟೈಪ್ ಮಾಡುವಾಗ ಇಂಗ್ಲಿಷ್ ಅಕ್ಷರ ಬಳಸಿ.

ಹಂತ 1: ಕ್ರಿಯೇಟ್_ಎಂಜಿನ್‌ಗೆ ಎಕೋ=ಟ್ರೂ ಕೊಡಿ. ಡೇಟಾಬೇಸಿಗೆ ಹೋಗುವ ಪ್ರತಿ ಕ್ವೆರಿ ಟರ್ಮಿನಲ್‌ನಲ್ಲಿ ಕಾಣುತ್ತದೆ. ಕಲಿಯುವವರಿಗೆ ಇದಕ್ಕಿಂತ ಒಳ್ಳೆಯ ಮೇಷ್ಟ್ರು ಇಲ್ಲ.

ಹಂತ 2: ಕ್ಲಾಸಿನ ಬದಲು ಕಾಲಂಗಳನ್ನೇ ಹೆಸರಿಸಿ: ಸೆಲೆಕ್ಟ್(ಬುಕ್.ಟೈಟಲ್, ಬುಕ್.ಪ್ರೈಸ್). ಇದನ್ನು ಸೆಷನ್.ಎಕ್ಸಿಕ್ಯೂಟ್‌ಗೆ ಕೊಟ್ಟು ಫಾರ್ ಲೂಪ್ ಹಾಕಿ. ಸಿಗುವುದು ಬುಕ್ ಆಬ್ಜೆಕ್ಟ್ ಅಲ್ಲ, ಟ್ಯೂಪಲ್‌ನಂಥ ‘ರೋ’. ರೋ.ಟೈಟಲ್ ಎಂದು ಹೆಸರು ಹಿಡಿದು ಓದಬಹುದು, ಟೈಟಲ್, ಪ್ರೈಸ್ ಎಂದು ಎರಡು ವೇರಿಯಬಲ್‌ಗೂ ಬಿಡಿಸಿಕೊಳ್ಳಬಹುದು.

ಹೊಸಬರು ಎಡವುವುದು ಇಲ್ಲಿಯೇ. ಎಕ್ಸಿಕ್ಯೂಟ್ ಬದಲು ಸೆಷನ್.ಸ್ಕೇಲರ್ಸ್ ಬರೆದರೆ ಮೊದಲ ಕಾಲಂ ಮಾತ್ರ ಕೈಗೆ ಬರುತ್ತದೆ. ಎರರ್ ಇಲ್ಲ, ಎಚ್ಚರಿಕೆಯೂ ಇಲ್ಲ. ಬೆಲೆ ಸದ್ದಿಲ್ಲದೆ ಬಿಟ್ಟುಹೋಗಿರುತ್ತದೆ. ಒಂದೇ ಕಾಲಂ ಅಥವಾ ಇಡೀ ಆಬ್ಜೆಕ್ಟ್ ಕೇಳಿದಾಗ ಮಾತ್ರ ಸ್ಕೇಲರ್ಸ್ ಬಳಸಿ.

ಹಂತ 3: ತಂದದ್ದನ್ನು ತಿದ್ದಿ ಉಳಿಸಬೇಕೆ? ಆಗ ರೋ ಸಾಲದು, ಆಬ್ಜೆಕ್ಟೇ ಬೇಕು. ಸೆಲೆಕ್ಟ್(ಬುಕ್).ಆಪ್ಷನ್ಸ್(ಲೋಡ್_ಓನ್ಲಿ(ಬುಕ್.ಟೈಟಲ್, ಬುಕ್.ಪ್ರೈಸ್)) ಎಂದು ಬರೆದು, ಈ ಬಾರಿ ಸ್ಕೇಲರ್ಸ್‌ಗೆ ಕೊಡಿ. ಪ್ರೈಮರಿ ಕೀ ಆದ ಐಡಿಯನ್ನು ನೀವು ಕೇಳದಿದ್ದರೂ ಅದು ಬಂದೇ ಬರುತ್ತದೆ. ಅದಿಲ್ಲದೆ ಯಾವ ಸಾಲನ್ನು ತಿದ್ದಬೇಕೆಂದು ಸೆಷನ್‌ಗೆ ತಿಳಿಯುವುದಿಲ್ಲ.

ಹಂತ 4: ಬಿಟ್ಟ ಕಾಲಂ ಮುಟ್ಟದಂತೆ ಕಾಯಿರಿ. ಲೂಪಿನೊಳಗೆ ಎಲ್ಲೋ ಬುಕ್.ಬಾಡಿ ಎಂದು ಬರೆದರೆ ಆ ಸಾಲಿಗಾಗಿ ಹೊಸ ಕ್ವೆರಿ ಓಡುತ್ತದೆ. ನೂರು ಪುಸ್ತಕವಿದ್ದರೆ ನೂರು ಹೆಚ್ಚುವರಿ ಕ್ವೆರಿ, ಅಂದರೆ ಉಳಿಸಿದ್ದಕ್ಕಿಂತ ಕಳೆದದ್ದೇ ಹೆಚ್ಚು. ಲೋಡ್_ಓನ್ಲಿಯೊಳಗೆ ಕೊನೆಗೆ ರೈಸ್‌ಲೋಡ್=ಟ್ರೂ ಸೇರಿಸಿ. ಆಗ ಮುಟ್ಟಿದ ಕೂಡಲೇ ಎರರ್ ಬಂದು ತಪ್ಪು ಬೆಳಕಿಗೆ ಬರುತ್ತದೆ. ಇದನ್ನು ಮೊದಲಿನಿಂದಲೇ ರೂಢಿ ಮಾಡಿಕೊಳ್ಳಿ ಎಂಬುದು ನನ್ನ ಆಗ್ರಹ.

ಟೇಬಲ್‌ನಲ್ಲಿರುವುದೇ ನಾಲ್ಕೈದು ಸಣ್ಣ ಕಾಲಂ ಆದರೆ ಇಷ್ಟೆಲ್ಲ ತಾಪತ್ರಯ ಬೇಡ. ಸೆಲೆಕ್ಟ್(ಬುಕ್) ಎಂದೇ ಬರೆಯಿರಿ.