ತರಗೆಲೆಯ ದಾಸೋಹ

‘ತರಗು’ ಎಂದರೆ ಒಣಗಿ ಉದುರಿದ ಎಲೆ. ಅದನ್ನು ಕಸವೆಂದೆಣಿಸುವುದು ನಮ್ಮ ರೂಢಿ. ವಸ್ತುತಃ ಅದು ಮರವು ಮಣ್ಣಿಗೆ ಸಲ್ಲಿಸುವ ದಾಸೋಹ.

ಹಿಮಾಲಯದ ಎತ್ತರದ ಕಾಡುಗಳಲ್ಲಿ ಎಲೆ ಕೊಳೆಯುವ ಕಾರ್ಯವು ಚಳಿಗಾಲದಲ್ಲಿಯೂ ಪೂರ್ತಿ ನಿಲ್ಲುವುದಿಲ್ಲ. ದಪ್ಪನೆಯ ಹಿಮವು ಕಂಬಳಿಯಂತೆ ಹೊದಿಸಿರುವುದರಿಂದ ಅದರಡಿಯ ನೆಲವು 0 ಡಿಗ್ರಿ ಸೆಲ್ಸಿಯಸ್ಸಿನ ಆಸುಪಾಸಿನಲ್ಲಿ ಉಳಿಯುತ್ತದೆ. ಅಲ್ಲಿನ ತೇವದಲ್ಲಿ ಶಿಲೀಂಧ್ರಗಳು ಮೆಲ್ಲಮೆಲ್ಲನೆ ಎಲೆಯನ್ನು ಕರಗಿಸುತ್ತವೆ.

ನಮ್ಮ ಕಿತ್ತೂರಿನ ಪಶ್ಚಿಮದ ಕಾಡುಗಳ ಸ್ಥಿತಿ ಬೇರೆ. ಮಾಗಿಯಲ್ಲಿ ಉದುರತೊಡಗುವ ತೇಗ, ಮತ್ತಿಗಳ ಎಲೆ ಕೊಳೆಯಲು ತಡೆಯಾಗುವುದು ಚಳಿಯಲ್ಲ, ನೀರಿನ ಅಭಾವ. ಗೆದ್ದಲು ಒಂದಿಷ್ಟು ತಿಂದರೂ ಉಳಿದುದು ಮುಂಗಾರಿಗಾಗಿ ಕಾಯುತ್ತದೆ. ಸವದತ್ತಿ, ರಾಮದುರ್ಗಗಳತ್ತ ಮಳೆಯು ಇನ್ನೂ ಕಡಿಮೆ.

ಈ ಕಾಯುವ ತಿಂಗಳುಗಳಲ್ಲಿಯೇ ನಾವು ತರಗೆಲೆಗೆ ಬೆಂಕಿಯಿಡುತ್ತೇವೆ! ಬೂದಿಯಲ್ಲಿ ಸುಣ್ಣ, ಪೊಟ್ಯಾಷ್ ಉಳಿದರೂ ಸಾರಜನಕದ ಬಹುಪಾಲು ಗಾಳಿಪಾಲಾಗುತ್ತದೆ. ಹೊದಿಕೆ ಕಳೆದುಕೊಂಡ ಇಳಿಜಾರಿನ ಮಣ್ಣು ಮಳೆಗೆ ಕೊಚ್ಚಿ, ಮಲಪ್ರಭೆಯೊಡನೆ ನವಿಲುತೀರ್ಥದ ಜಲಾಶಯ ಸೇರಿ ಹೂಳಾಗುತ್ತದೆ.

ಆದುದರಿಂದ ಶಿಕ್ಷಕ ಬಂಧುಗಳು ಶಾಲೆಯ ಅಂಗಳದ ತರಗನ್ನು ಸುಡಿಸದೆ, ಗುಂಡಿಯಲ್ಲಿ ತುಂಬಿಸಿ, ಸಗಣಿನೀರು ಚಿಮುಕಿಸಿ, ಮಣ್ಣು ಮುಚ್ಚಿಸಬೇಕು. ಅಲ್ಲಿ ಹಿಮದ ಹೊದಿಕೆ ಮಾಡುವುದನ್ನು ಇಲ್ಲಿ ಈ ತೇವದ ಮುಚ್ಚಿಗೆ ಮಾಡೀತು. ಮಕ್ಕಳಿಗೆ ಪಾಠವೂ, ಬೈಲಹೊಂಗಲದ ಎರೆಭೂಮಿಗೆ ಗೊಬ್ಬರವೂ ದೊರೆತಾವು.