ಹಳೇ ಮಿಲ್ಲಿಂಗ್ ಮಷಿನ್‌ಗೆ ಎಷ್ಟು ಕೊಡಬಹುದು?

ಪೀಣ್ಯದಲ್ಲಿ ಈಗ ಹಾರಿಜಾಂಟಲ್ ಮಿಲ್ಲಿಂಗ್ ಮಷಿನ್ ಕೇಳುವವರು ಕಡಿಮೆ. ಎಲ್ಲರಿಗೂ ವಿಎಂಸಿ ಬೇಕು. ಹಾಗಾಗಿ ಎಚ್‌ಎಂಟಿ ಎಫ್‌ಎನ್-2ಎಚ್‌ನಂಥ ಗಟ್ಟಿ ಯಂತ್ರಗಳೂ ಗುಜರಿಯವನ ತೂಕದ ಲೆಕ್ಕಕ್ಕೆ ಬಂದು ನಿಂತಿವೆ. ಆದರೆ ಶಾಫ್ಟಿಗೆ ಉದ್ದನೆಯ ಕೀವೇ ಹೊಡೆಯಲು, ಒಂದೇ ಆರ್ಬರ್‌ಗೆ ಎರಡು ಕಟರ್ ಏರಿಸಿ ಜಾಬಿನ ಎರಡೂ ಮಗ್ಗುಲನ್ನು ಒಟ್ಟಿಗೆ ಇಳಿಸಲು ನನಗೆ ಇದೇ ಬೇಕಿತ್ತು.

ಬ್ರೋಕರ್ ಹೇಳಿದ್ದು 2.40 ಲಕ್ಷ. ನಾನು ಲೆಕ್ಕ ಶುರುಮಾಡಿದ್ದು ಇನ್ನೊಂದು ತುದಿಯಿಂದ. ಹೊರಗೆ ಕೊಡುತ್ತಿದ್ದ ಮಿಲ್ಲಿಂಗ್ ಕೆಲಸ ಒಳಗೇ ಆದರೆ, ಕರೆಂಟು, ಕಟರ್, ಆಪರೇಟರ್ ಕೂಲಿ ಕಳೆದು ತಿಂಗಳಿಗೆ ಸುಮಾರು 12,500 ರೂಪಾಯಿ ಉಳಿಯುತ್ತಿತ್ತು. ಎರಡು ವರ್ಷದಲ್ಲಿ ಹಾಕಿದ ದುಡ್ಡು ಹಿಂದಿರುಗಬೇಕು ಎಂದರೆ ಒಟ್ಟು 3 ಲಕ್ಷ ದಾಟಬಾರದು. ಅದರಲ್ಲಿ ರಿಪೇರಿ ಎಷ್ಟು ತಿನ್ನುತ್ತದೆ ಎಂದು ಗೊತ್ತಾಗದೆ ಚೌಕಾಸಿಗೆ ಕೂರುವುದು ದಂಡ.

ಎಚ್‌ಎಂಟಿಯಲ್ಲಿ ದುಡಿದು ನಿವೃತ್ತರಾದ ಫಿಟ್ಟರ್ ಒಬ್ಬರನ್ನು ಕರೆದೊಯ್ದೆ. ಹೊಸ ಹಸಿರು ಪೇಂಟ್ ನೋಡಿದವರೇ, “ಸಾರ್, ಇದಕ್ಕೆ ದುಡ್ಡು ಕೊಡಬೇಡಿ” ಎಂದರು. ಟೇಬಲನ್ನು ನಡುವಿಗೆ ತಂದು, ಅಲುಗಾಟ ನಿಲ್ಲುವವರೆಗೆ ಗಿಬ್ ಬಿಗಿಮಾಡಿ, ಹ್ಯಾಂಡಲ್ ತಿರುಗಿಸುತ್ತ ತುದಿಯತ್ತ ನಡೆಸಿದರು. ಮುಕ್ಕಾಲು ದಾರಿಯಲ್ಲೇ ಕೈ ಬಿಗಿಯಿತು. ಹೆಚ್ಚಿನ ಕೆಲಸ ನಡುವಿನಲ್ಲೇ ನಡೆಯುವುದರಿಂದ ಸ್ಲೈಡ್ ಅಲ್ಲಿ ಸವೆದಿರುತ್ತದೆ, ತುದಿಗಳು ಹಾಗೇ ಉಳಿದಿರುತ್ತವೆ. ಗಿಬ್ ಎಷ್ಟು ತಿರುವಿದರೂ ಇದು ಸರಿಹೋಗದು. ಸ್ಕ್ರೇಪಿಂಗೇ ಆಗಬೇಕು. ನೀಲಿ ಬಣ್ಣ ಹಚ್ಚಿ ತಗುಲುವ ಜಾಗವನ್ನಷ್ಟೇ ಕೈಯಿಂದ ಕೆರೆಯುವ ಆ ಕೆಲಸ ಬಲ್ಲವರು ಈಗ ಬಹಳ ಜನ ಇಲ್ಲ. ಇದ್ದವರ ಕೂಲಿ ಕಡಿಮೆಯೂ ಅಲ್ಲ, ಕಡಿಮೆ ಇರಬಾರದು ಕೂಡ.

ಸ್ಪಿಂಡಲ್ ಟೇಪರ್‌ಗೆ ಡಯಲ್ ಇಟ್ಟು ತಿರುಗಿಸಿದಾಗ ಮುಳ್ಳು ಹೆಚ್ಚು ಅಲ್ಲಾಡಲಿಲ್ಲ. ನನಗೆ ಧೈರ್ಯ ಬಂದದ್ದು ಅಲ್ಲಿ. ಗೇರ್‌ಬಾಕ್ಸಿನಲ್ಲಿದ್ದ ಗೊರಗೊರ ಬೇರಿಂಗಿನದು, ಹಲ್ಲಿನದಲ್ಲ. ಮೋಟರ್ ಸುಟ್ಟಿದ್ದರೂ ನಾನು ಹೆದರುತ್ತಿರಲಿಲ್ಲ, ರೀವೈಂಡಿಂಗ್ ಬೀದಿಗೊಂದು ಸಿಗುತ್ತದೆ. ಆದರೆ ಓವರ್‌ಆರ್ಮಿನ ಸಪೋರ್ಟ್ ಕಳೆದುಹೋಗಿದ್ದರೆ ಅಲ್ಲಿಂದಲೇ ಕೈಮುಗಿದು ಬರುತ್ತಿದ್ದೆ. ಆರ್ಬರಿನ ಆ ತುದಿಯನ್ನು ಹಿಡಿಯುವ ಆಸರೆ ಇಲ್ಲದ ಹಾರಿಜಾಂಟಲ್ ಮಷಿನ್ ನನ್ನ ಕೆಲಸಕ್ಕೆ ಬಾರದು, ಹೊಂದುವ ಸಪೋರ್ಟ್ ಬಿಡಿಯಾಗಿ ಹುಡುಕುವುದೂ ಸುಲಭವಲ್ಲ.

ಫಿಟ್ಟರ್ ಅಂದಾಜಿನಲ್ಲಿ ಸಾಗಣೆ, ರಿಪೇರಿ ಸೇರಿ 1.20 ಲಕ್ಷ. ಕೊಡಬಹುದಾದದ್ದು 1.80 ಲಕ್ಷ ಎಂದಾಯಿತು. ಸಿಕ್ಕಿದ್ದು 1.75ಕ್ಕೆ. ಸ್ಕ್ರೇಪಿಂಗ್‌ಗೆ 48,000, ಬೇರಿಂಗ್‌ಗೆ 16,000, ಹೈಡ್ರಾ ಕ್ರೇನು, ಲಾರಿಗೆ 13,000, ವೈರಿಂಗ್ ಮತ್ತು ಸ್ಟಾರ್ಟರ್‌ಗೆ 11,000, ಲೀಡ್ ಸ್ಕ್ರೂವಿನ ಹೊಸ ಗನ್‌ಮೆಟಲ್ ನಟ್‌ಗೆ 9,000, ಆರ್ಬರ್‌ಗೆ ಮತ್ತೊಂದು 9,000. ಎಲ್ಲ ಸೇರಿ, ಜಿಎಸ್‌ಟಿ ಬಿಟ್ಟು, 2.81 ಲಕ್ಷ.

ಬಿಲ್ ಇಲ್ಲದೆ ಕೊಟ್ಟರೆ ಇನ್ನಷ್ಟು ಇಳಿಸುತ್ತೇನೆ ಎಂದು ಬ್ರೋಕರ್ ಕಿವಿಯಲ್ಲಿ ಹೇಳಿದ್ದ. ಬೇಡ ಎಂದೆ. ಕಾಗದ ಸರಿಯಿದ್ದರೆ ಹಳೆಯ ಯಂತ್ರಕ್ಕೂ ಆದಾಯ ತೆರಿಗೆಯಲ್ಲಿ ಶೇ 15ರ ಸವಕಳಿ ಸಿಗುತ್ತದೆ. ಕೊಂಡ ಹಣಕಾಸು ವರ್ಷದಲ್ಲಿ 180 ದಿನಕ್ಕಿಂತ ಕಡಿಮೆ ಬಳಸಿದರೆ ಅದರ ಅರ್ಧ. ಆ ಕಾರಣಕ್ಕೇ ಸ್ಕ್ರೇಪಿಂಗ್ ದಸರಾ ನಂತರಕ್ಕೆ ಜಾರದಂತೆ ಫಿಟ್ಟರ್ ಬೆನ್ನುಹತ್ತಿದ್ದೆ.

ಟೇಬಲನ್ನು ಹೊತ್ತ ‘ನೀ’ (knee) ಭಾಗವನ್ನು ಮೇಲೇರಿಸುವ ಪವರ್ ಫೀಡ್ ಇನ್ನೂ ಕೆಟ್ಟೇ ಇದೆ. ಸರಿಮಾಡಲು 20,000 ಕೇಳುತ್ತಾರೆ. ನನ್ನ ಜಾಬಿಗೆ ಕೈಯಲ್ಲೇ ಏರಿಸಿದರೆ ಸಾಕು, ಆ ದುಡ್ಡಿಗೆ ಕಟರ್ ತಂದೆ.